ಗಡಿಯ ಮೇಲೊಂದು ಹೊಲ

ಬರ್ಲಿನ್‌ಗೆ ಓದಲು ಹೋದ ಮೊದಲ ಮೂರು ತಿಂಗಳು ನಾನು ನಿಜವಾಗಿ ಬರ್ಲಿನ್‌ನಲ್ಲಿ ಇರಲೇ ಇಲ್ಲ. ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ನಾವು ಆರು ಮಂದಿ ಭಾರತೀಯರು ಪ್ರತಿ ಸಂಜೆ ಪ್ರೆಷರ್ ಕುಕ್ಕರಿನ ಸುತ್ತ ಸೇರುತ್ತಿದ್ದೆವು. ಸಾರಿನ ಪುಡಿ, ಕ್ರಿಕೆಟ್, ಊರಿನ ಸುದ್ದಿ. ಪಕ್ಕದ ಒಲೆಯಲ್ಲಿ ಒಬ್ಬಳೇ ಅನ್ನ ಬೇಯಿಸಿಕೊಳ್ಳುತ್ತಿದ್ದ ಕೊರಿಯಾದ ಹುಡುಗಿಯೊಡನೆ ‘ಹಲೋ’ಗಿಂತ ಮುಂದೆ ಮಾತು ಬೆಳೆದಿರಲಿಲ್ಲ.

ಇದು 2016ರ ಮಾತು. ಆ ಆವರಣ ಈಗ ಇನ್ನಷ್ಟು ಗಟ್ಟಿಯಾಗಿರಬೇಕು. 2023–24ರ ಚಳಿಗಾಲದ ಸೆಮಿಸ್ಟರಿನಲ್ಲಿ ಜರ್ಮನಿಯಲ್ಲಿ ಓದುತ್ತಿದ್ದ ಭಾರತೀಯರ ಸಂಖ್ಯೆ 49 ಸಾವಿರ ದಾಟಿತ್ತು. ವಿದೇಶಿ ವಿದ್ಯಾರ್ಥಿಗಳಲ್ಲಿ ನಮ್ಮದೇ ಅತಿ ದೊಡ್ಡ ಗುಂಪು. ಅನ್ಯದೇಶದವರೊಬ್ಬರ ಮನೆಯ ಕಥೆಯನ್ನೂ ಕೇಳದೆ ಪದವಿ ಮುಗಿಸಿ ಬರುವುದು ಸುಲಭಸಾಧ್ಯ. ಆ ನಷ್ಟವನ್ನು ಯಾವ ಅಂಕಪಟ್ಟಿಯೂ ತೋರಿಸದು.

ನನ್ನನ್ನು ಆ ಆವರಣದಿಂದ ಹೊರಗೆಳೆದದ್ದು ಕುಕ್ಕರಿನ ಸೀಟಿ. ಅದು ಕೂಗಿದ ಒಂದು ರಾತ್ರಿ ಆಕೆ ಸೌಟು ಕೈಬಿಟ್ಟು ಹೊರಗೆ ಓಡಿದಳು. ಕ್ಷಮೆ ಕೇಳಲು ಹೋದವನಿಗೆ ಭಾನುವಾರದ ಆಹ್ವಾನ ಸಿಕ್ಕಿತು. ಆಕೆಯೂ ಅವಳ ಸಹಪಾಠಿಯಾಗಿದ್ದ ಇಸ್ತಾಂಬುಲ್‌ನ ಹುಡುಗನೂ ಒಂದು ಆಟ ಹೂಡಿದ್ದರು. ಬರ್ಲಿನ್ನಿನ ವರ್ತುಲ ರೈಲು 37 ಕಿಲೋಮೀಟರನ್ನು ಒಂದು ಗಂಟೆಯಲ್ಲಿ ಸುತ್ತುತ್ತದೆ, 27 ನಿಲ್ದಾಣಗಳು. ವಾರಕ್ಕೊಂದು ನಿಲ್ದಾಣದಲ್ಲಿ ಇಳಿಯುವುದು, ನಕ್ಷೆಯಿಲ್ಲದೆ ಕತ್ತಲಾಗುವವರೆಗೆ ನಡೆಯುವುದು. ವಿದ್ಯಾರ್ಥಿ ಪಾಸ್ ಇದ್ದುದರಿಂದ ಖರ್ಚೇನೂ ಇರಲಿಲ್ಲ.

ಹಾಗೆ ಟೆಂಪಲ್‌ಹೋಫ್ ಕಂಡೆವು. 2008ರಲ್ಲಿ ಮುಚ್ಚಿದ ಈ ವಿಮಾನ ನಿಲ್ದಾಣ 2010ರಿಂದ ಸಾರ್ವಜನಿಕ ಉದ್ಯಾನ. ಅಂಚಿನಲ್ಲಿ ಕಟ್ಟಡ ಕಟ್ಟುವ ಯೋಜನೆಯನ್ನು ನಗರದ ಜನ 2014ರ ಜನಮತಗಣನೆಯಲ್ಲಿ ತಿರಸ್ಕರಿಸಿದರು. ರನ್‌ವೇ ಮೇಲೆ ಮಕ್ಕಳು ಗಾಳಿಪಟ ಹಾರಿಸುತ್ತಿದ್ದರು. ಬೆಂಗಳೂರಿನ ಕೆರೆಗಳ ಗತಿಯನ್ನು ಬಲ್ಲ ನನಗೆ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮಾರ್ಚ್ ತಿಂಗಳ ಒಂದು ಭಾನುವಾರ ಗೆಸುಂಡ್‌ಬ್ರುನೆನ್‌ನಲ್ಲಿ ಇಳಿದು ಬೆರ್ನಾವರ್ ರಸ್ತೆಗೆ ಬಂದೆವು. 1961ರಲ್ಲಿ ನಗರವನ್ನು ಸೀಳಿದ ಗೋಡೆಯ ಗೆರೆ ಇಲ್ಲಿ ಮನೆಗಳ ಮುಂಗೋಡೆಯನ್ನೇ ಹಿಡಿದು ಸಾಗಿತ್ತು. ಮನೆ ಪೂರ್ವದ್ದು, ಎದುರಿನ ಕಾಲುದಾರಿ ಪಶ್ಚಿಮದ್ದು. ಜನ ಕಿಟಕಿಗಳಿಂದ ಜಿಗಿದರು; ಬಳಿಕ ಕಿಟಕಿಗಳಿಗೇ ಇಟ್ಟಿಗೆ ಇಟ್ಟರು. ಗಡಿಪಟ್ಟಿಯೊಳಗೆ ಸಿಕ್ಕಿಕೊಂಡ ಚರ್ಚನ್ನು 1985ರಲ್ಲಿ ಸ್ಫೋಟಿಸಿದರು. ಅದೇ ಜಾಗದಲ್ಲಿ, 2000ದಲ್ಲಿ ಹೊಸ ಪ್ರಾರ್ಥನಾಲಯ ಎದ್ದಿತು. ಒಡೆದ ಚರ್ಚಿನ ಇಟ್ಟಿಗೆ ಪುಡಿಯನ್ನು ಬೆರೆಸಿ ಬಡಿದು ಕೂರಿಸಿದ ಮಣ್ಣಿನ ಗೋಡೆ ಅದರದು. ಸುತ್ತ, ಕಾವಲುಗಾರರು ಗುಂಡು ಹಾರಿಸುತ್ತಿದ್ದ ಪಟ್ಟಿಯಲ್ಲಿ, ರೈ ಧಾನ್ಯದ ಹೊಲ. ಆ ದಿನ ಬೆರಳುದ್ದದ ಪೈರು.

ನಾನು ಗೋಡೆ ಸವರಿ, ನಮ್ಮಜ್ಜನ ಮನೆಯದೂ ಮಣ್ಣಿನ ಗೋಡೆ ಎಂದೆ. ಆಕೆ ಬಹಳ ಹೊತ್ತು ಮಾತಾಡಲಿಲ್ಲ. ನಂತರ, ನನ್ನ ಅಜ್ಜಿಯ ತವರಿನದೂ ಮಣ್ಣಿನ ಗೋಡೆಯೇ, ಆದರೆ ಅದು ಉತ್ತರದಲ್ಲಿದೆ ಎಂದಳು. ಯುದ್ಧಕಾಲದಲ್ಲಿ ದಕ್ಷಿಣಕ್ಕೆ ಓಡಿಬಂದ ಅಜ್ಜಿಯ ತಮ್ಮ ಅಲ್ಲಿಯೇ ಉಳಿದಿದ್ದ. 2000ದಲ್ಲಿ ಉಭಯ ಕೊರಿಯಾಗಳು ಬೇರ್ಪಟ್ಟ ಕುಟುಂಬಗಳ ಭೇಟಿಗೆ ಅವಕಾಶ ಕೊಡಲಾರಂಭಿಸಿದಾಗಿನಿಂದ ಅಜ್ಜಿ ಅರ್ಜಿ ಹಾಕಿ ಕಾದಿದ್ದರು. ದಕ್ಷಿಣದ ಅರ್ಜಿದಾರರಲ್ಲಿ ಯಾರು ಹೋಗಬೇಕೆಂಬುದು ಮೊದಲು ಕಂಪ್ಯೂಟರಿನ ಲಾಟರಿಯಲ್ಲಿ ತೀರ್ಮಾನವಾಗುತ್ತಿತ್ತು. ನಮ್ಮಿಬ್ಬರಿಗೆ ಆ ಗೋಡೆ ಚರಿತ್ರೆ. ಅವಳಿಗೆ ಅದು ಮನೆಯ ವಿಚಾರ. ಇಸ್ತಾಂಬುಲ್‌ನ ಗೆಳೆಯ, ಸದಾ ಹರಟುವವನು, ಅಂದು ಬ್ರೆಡ್ಡನ್ನು ಮೂರು ಪಾಲು ಮಾಡಿದ್ದು ಬಿಟ್ಟರೆ ಏನೂ ಹೇಳಲಿಲ್ಲ.

ಆ ರಾತ್ರಿ ಆಕೆ ಫೋನಿನಲ್ಲಿ ಹೊಲದ ವಿಷಯ ಹೇಳಿದಳಂತೆ. ಅಂದಿನಿಂದ ಪ್ರತಿ ಬೇಸಿಗೆ ಅಜ್ಜಿಯದು ಒಂದೇ ಪ್ರಶ್ನೆ: ಆ ಗಡಿಯ ಹೊಲ ಕಟಾವಾಯಿತೇ?

ಕೊನೆಯ ಕುಟುಂಬ ಭೇಟಿ ನಡೆದದ್ದು 2018ರ ಆಗಸ್ಟಿನಲ್ಲಿ. ಆಗಲೂ ಅಜ್ಜಿಯ ಹೆಸರು ಬರಲಿಲ್ಲ. 2021ರ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ಗೆಳತಿ ಕೊರಿಯಾದಲ್ಲಿದ್ದಳು, ನಾನು ಮೈಸೂರಿನಲ್ಲಿದ್ದೆ. ಅಜ್ಜಿಯ ಪ್ರಶ್ನೆಯನ್ನೇ ಅವಳು ನಮಗಿಬ್ಬರಿಗೂ ಬರೆದು ಕಳಿಸಿದಳು. ಬರ್ಲಿನ್‌ನಲ್ಲೇ ಉಳಿದಿದ್ದ ಇಸ್ತಾಂಬುಲ್‌ನ ಗೆಳೆಯ ಅಂದು ಸಂಜೆಯೇ ಅಲ್ಲಿಗೆ ಹೋಗಿ ಒಂದು ಚಿತ್ರ ತೆಗೆದು ಕಳಿಸಿದ. ಮಣ್ಣಿನ ಗೋಡೆ, ಅದರ ಮುಂದೆ ಕೊಯ್ದ ಹೊಲದ ಕೂಳೆ. ಆ ಚಿತ್ರ ಈಗ ಅಜ್ಜಿಯ ಭಾವಚಿತ್ರದ ಪಕ್ಕದಲ್ಲಿದೆಯಂತೆ.