ಹೃದಯಾಘಾತದ ನಂತರ ವ್ಯಾಯಾಮ: ಭಯ ಬೇಡ, ಎಚ್ಚರ ಇರಲಿ

ಹೃದಯಾಘಾತದಿಂದ ಪಾರಾಗಿ ಮನೆಗೆ ಮರಳಿದವರಿಗೆ ಬಂಧುಬಳಗದಿಂದ ದೊರೆಯುವ ಮೊದಲ ಸಲಹೆ ‘ಇನ್ನು ಆಯಾಸ ಮಾಡಿಕೊಳ್ಳಬೇಡಿ’ ಎಂಬುದು. ಮೆಟ್ಟಿಲು ಹತ್ತುವುದು, ಮಾರುಕಟ್ಟೆಗೆ ನಡೆದು ಹೋಗುವುದು ಎಲ್ಲವೂ ನಿಷಿದ್ಧವಾಗುತ್ತವೆ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ನಿಧನರಾದ ಬಳಿಕ ವ್ಯಾಯಾಮದ ಬಗೆಗಿನ ಅಳುಕು ರಾಜ್ಯದಲ್ಲಿ ಇನ್ನಷ್ಟು ಬೇರೂರಿತು. ಆದರೆ ವೈದ್ಯವಿಜ್ಞಾನದ ಅನುಭವ ಬೇರೆಯೇ ಇದೆ. ಕ್ರಮಬದ್ಧ ವ್ಯಾಯಾಮವು ಹೃದ್ರೋಗಿಯ ಚಿಕಿತ್ಸೆಯ ಒಂದು ಭಾಗ. ಅದನ್ನೇ ‘ಹೃದಯ ಪುನಶ್ಚೇತನ’ ಎನ್ನಲಾಗುತ್ತದೆ.

ಹಾಸಿಗೆಯಿಂದ ಕುರ್ಚಿಗೆ

ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ಹೃದಯಾಘಾತಕ್ಕೊಳಗಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಇರಿಸಲಾಗುತ್ತಿತ್ತು. 1952ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯರಾದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕೂರಿಸುವ ಕ್ರಮವನ್ನು ಪ್ರಕಟಿಸಿದರು. 1955ರಲ್ಲಿ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸೆನ್‌ಹೋವರ್ ಚೇತರಿಸಿಕೊಂಡು ಮತ್ತೆ ಗಾಲ್ಫ್ ಆಡಿದರು, ಮರುವರ್ಷವೇ ಚುನಾವಣೆ ಗೆದ್ದರು. ವ್ಯಾಯಾಮದ ಪರವಾಗಿ ಮಾತನಾಡುತ್ತಿದ್ದ ಡಾ. ಪಾಲ್ ಡಡ್ಲಿ ವೈಟ್ ಅವರ ಚಿಕಿತ್ಸಕರಲ್ಲಿ ಪ್ರಮುಖರಾಗಿದ್ದರು.

ಹಾಸಿಗೆಯಿಂದಾಗುವ ಹಾನಿ ಸ್ಪಷ್ಟವಾದದ್ದು 1966ರಲ್ಲಿ. ಡಲ್ಲಾಸ್‌ನಲ್ಲಿ ಐವರು ಆರೋಗ್ಯವಂತ ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿದಾಗ ಆಮ್ಲಜನಕವನ್ನು ಬಳಸಿಕೊಳ್ಳುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತಲೂ ಹೆಚ್ಚು ಕುಸಿಯಿತು. ಮೂವತ್ತು ವರ್ಷಗಳ ನಂತರ ಅದೇ ಐವರನ್ನು ಪರೀಕ್ಷಿಸಿದಾಗ, ಮೂರು ದಶಕಗಳ ವಯಸ್ಸಿಗಿಂತ ಆ ಮೂರು ವಾರಗಳ ಹಾಸಿಗೆಯೇ ಹೆಚ್ಚು ಹಾನಿ ಮಾಡಿತ್ತೆಂಬುದು ತಿಳಿದುಬಂತು.

ಲಾಭ ಹೇಗೆ?

ವ್ಯಾಯಾಮದಿಂದ ರಕ್ತನಾಳದ ಅಡೆತಡೆ ಕರಗಿಹೋಗುತ್ತದೆ ಎಂಬುದು ತಪ್ಪು ಕಲ್ಪನೆ. ಪಳಗಿದ ಸ್ನಾಯುಗಳು ರಕ್ತದಿಂದ ಹೆಚ್ಚು ಆಮ್ಲಜನಕವನ್ನು ಹೀರಿಕೊಳ್ಳುತ್ತವೆ. ಹೀಗಾಗಿ ಅದೇ ಕೆಲಸಕ್ಕೆ ಹೃದಯ ಕಡಿಮೆ ಬಾರಿ ಬಡಿದರೆ ಸಾಕಾಗುತ್ತದೆ. ಮೊದಲು ಎದೆನೋವು ತರುತ್ತಿದ್ದ ಮೆಟ್ಟಿಲು ನೋವಿಲ್ಲದೆ ಹತ್ತಲು ಸಾಧ್ಯವಾಗುತ್ತದೆ. ರಕ್ತದೊತ್ತಡ ಹಾಗೂ ಸಕ್ಕರೆಯ ಹತೋಟಿಗೂ ಇದು ನೆರವಾಗುತ್ತದೆ. 85 ಅಧ್ಯಯನಗಳ, 23 ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯಂತೆ, ಇಂತಹ ತರಬೇತಿ ಪಡೆದವರಲ್ಲಿ ಹೃದ್ರೋಗದ ಸಾವು ಸುಮಾರು ಶೇ 26ರಷ್ಟು, ಮರು ಹೃದಯಾಘಾತ ಶೇ 18ರಷ್ಟು ಕಡಿಮೆಯಾಗಿತ್ತು.

ತರಬೇತಿಯ ಕ್ರಮ

ತರಬೇತಿ ಆಸ್ಪತ್ರೆಯಲ್ಲೇ ಆರಂಭವಾಗುತ್ತದೆ: ಎದ್ದು ಕೂರುವುದು, ವಾರ್ಡಿನಲ್ಲಿ ನಾಲ್ಕು ಹೆಜ್ಜೆ ಹಾಕುವುದು. ಬಿಡುಗಡೆಯ ಬಳಿಕ ಟ್ರೆಡ್‌ಮಿಲ್ ಅಥವಾ ಆರು ನಿಮಿಷದ ನಡಿಗೆ ಪರೀಕ್ಷೆ ನಡೆಸಿ, ರೋಗಿಯ ಶಕ್ತಿಗೆ ತಕ್ಕ ಮಿತಿಯನ್ನು ವೈದ್ಯರು ನಿಗದಿಪಡಿಸುತ್ತಾರೆ. ಅಮೆರಿಕದ ಮೆಡಿಕೇರ್ ವ್ಯವಸ್ಥೆಯಲ್ಲಿ 36 ತರಬೇತಿಗಳಿಗೆ ಅವಕಾಶವಿದೆ. ವಾರಕ್ಕೆ ಮೂರರಂತೆ ಇದು 12 ವಾರಗಳ ಅವಧಿ. ಅನಂತರ ವ್ಯಾಯಾಮ ಜೀವನಪರ್ಯಂತದ ಅಭ್ಯಾಸವಾಗಬೇಕು.

ಪ್ರತಿ ಬಾರಿಯೂ 5ರಿಂದ 10 ನಿಮಿಷ ನಿಧಾನವಾಗಿ ಆರಂಭಿಸಿ, ಅಷ್ಟೇ ನಿಧಾನವಾಗಿ ಮುಗಿಸಬೇಕು. ವೇಗದ ನಡಿಗೆಯನ್ನು ಥಟ್ಟನೆ ನಿಲ್ಲಿಸಿದರೆ ರಕ್ತ ಕಾಲುಗಳಲ್ಲೇ ಉಳಿದು ತಲೆಸುತ್ತು ಬರಬಹುದು. ಹೃದ್ರೋಗಿಗಳಲ್ಲಿ ಅನೇಕರು ಸೇವಿಸುವ ಬೀಟಾ ಬ್ಲಾಕರ್ ಮಾತ್ರೆ ನಾಡಿಬಡಿತವನ್ನು ತಗ್ಗಿಸುವುದರಿಂದ ನಾಡಿಯೊಂದನ್ನೇ ಅಳತೆಗೋಲು ಮಾಡಿಕೊಳ್ಳುವಂತಿಲ್ಲ. ಸರಳ ಉಪಾಯವೆಂದರೆ ಮಾತಿನ ಪರೀಕ್ಷೆ: ನಡೆಯುತ್ತಾ ಮಾತನಾಡಲು ಸಾಧ್ಯವಿರಬೇಕು; ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ ವೇಗ ಹೆಚ್ಚಾಯಿತೆಂದೇ ಅರ್ಥ.

ಬೈಪಾಸ್ ಶಸ್ತ್ರಚಿಕಿತ್ಸೆಯಾದವರಲ್ಲಿ ಎದೆಯ ಮೂಳೆ ಕೂಡಿಕೊಳ್ಳಲು ಸಾಮಾನ್ಯವಾಗಿ 8ರಿಂದ 12 ವಾರ ಬೇಕಾಗುತ್ತದೆ. ಅಲ್ಲಿಯವರೆಗೆ ಭಾರ ಎತ್ತುವುದು, ತುಂಬಿದ ಬಕೆಟ್ ಎಳೆಯುವುದು ಸಲ್ಲದು. ಉಸಿರು ಬಿಗಿಹಿಡಿದು ಮಾಡುವ ಕಸರತ್ತಿನಿಂದ ರಕ್ತದೊತ್ತಡ ಏಕಾಏಕಿ ಏರುವುದರಿಂದ ಹೃದ್ರೋಗಿಗಳೆಲ್ಲರೂ ಅದರಿಂದ ದೂರವಿರಬೇಕು.

ಯೋಗ ಸಾಕೇ?

ದೇಶದ 24 ವೈದ್ಯಕೀಯ ಕೇಂದ್ರಗಳಲ್ಲಿ 3,959 ರೋಗಿಗಳ ಮೇಲೆ ನಡೆದ ‘ಯೋಗ ಕೇರ್’ ಅಧ್ಯಯನದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಯೋಗ ಆಧಾರಿತ ತರಬೇತಿ ಪಡೆದವರು ತಮ್ಮ ಆರೋಗ್ಯ ಸುಧಾರಿಸಿದೆ ಎಂದು ಹೇಳಿದರು. ಹಿಂದಿನ ದಿನಚರಿಗೆ ಮರಳುವಲ್ಲಿಯೂ ಅವರು ಮುಂದಿದ್ದರು. ಆದರೆ ಸಾವು, ಮರು ಹೃದಯಾಘಾತ ಮುಂತಾದವುಗಳಲ್ಲಿ ಖಚಿತ ಎನ್ನಬಹುದಾದ ವ್ಯತ್ಯಾಸ ಕಂಡುಬರಲಿಲ್ಲ. ನಡಿಗೆಯ ಜೊತೆಗೆ ಯೋಗ ಒಳ್ಳೆಯ ಸಂಗಾತಿ. ಯೋಗವಾಗಲೀ ನಡಿಗೆಯಾಗಲೀ ಮಾತ್ರೆಗಳಿಗೆ ಪರ್ಯಾಯವಲ್ಲ.

ಯಾವಾಗ ನಿಲ್ಲಿಸಬೇಕು?

ವಿಶ್ರಾಂತಿಯಲ್ಲಿದ್ದಾಗಲೂ ಎದೆನೋವು ಬರುವವರು, ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಜ್ವರ ಇರುವವರು ವ್ಯಾಯಾಮಕ್ಕೆ ಇಳಿಯಬಾರದು. ಹೃದಯ ವೈಫಲ್ಯ ಇರುವವರ ತೂಕ ಎರಡು ಮೂರು ದಿನಗಳಲ್ಲಿ 2 ಕಿಲೋದಷ್ಟು ಏರಿದರೆ ಅದು ದೇಹದಲ್ಲಿ ನೀರು ತುಂಬಿಕೊಳ್ಳುತ್ತಿರುವುದರ ಸೂಚನೆಯಾಗಿರಬಹುದು, ವೈದ್ಯರನ್ನು ಕಾಣಬೇಕು. ನಡೆಯುವಾಗ ಎದೆ ಬಿಗಿತ, ಎಡಗೈ ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ತಲೆಸುತ್ತು ಕಾಣಿಸಿಕೊಂಡರೆ ತಕ್ಷಣ ನಿಂತು ಕುಳಿತುಕೊಳ್ಳಬೇಕು. ಸೂಚಿಸಿರುವ ಮಾತ್ರೆಯನ್ನು ನಾಲಿಗೆಯಡಿ ಇಟ್ಟುಕೊಂಡರೂ ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಕರೆ ಮಾಡಬೇಕು.

ಆಸ್ಪತ್ರೆಯಿಂದ ಹೊರಡುವ ದಿನ ಮಾತ್ರೆಗಳ ಪಟ್ಟಿಯನ್ನು ಕೇಳಿ ಪಡೆಯುವಂತೆ, ಯಾವ ದಿನದಿಂದ ಎಷ್ಟು ನಿಮಿಷ ನಡೆಯಬೇಕು ಎಂಬುದನ್ನೂ ವೈದ್ಯರಿಂದ ಬರೆಸಿಕೊಳ್ಳುವುದು ಉತ್ತಮ. ‘ಸುಮ್ಮನೆ ಮಲಗಿರಿ’ ಎನ್ನುವ ಮನೆಯವರಿಗೆ ಆ ಚೀಟಿಯೇ ಉತ್ತರವಾದೀತು.