ಥ್ರೀಡಿ ಪ್ರಿಂಟರ್ ಬರುತ್ತೆ, ಮೇಷ್ಟ್ರು ಎಲ್ಲಿಂದ ಬರ್ತಾರೆ?

2025ರ ಕೇಂದ್ರ ಬಜೆಟ್‌ನಲ್ಲಿ ಒಂದು ಘೋಷಣೆ ಇತ್ತು: ಐದು ವರ್ಷಗಳಲ್ಲಿ ಸರ್ಕಾರಿ ಶಾಲೆಗಳಿಗೆ 50 ಸಾವಿರ ಅಟಲ್ ಟಿಂಕರಿಂಗ್ ಲ್ಯಾಬ್. ಆದಾಯ ತೆರಿಗೆ ವಿನಾಯಿತಿಯ ಗದ್ದಲದಲ್ಲಿ ಅದು ಮುಳುಗಿಹೋಯ್ತು.

ಏನಿದು? ನೀತಿ ಆಯೋಗದಡಿ 2016ರಲ್ಲಿ ಶುರುವಾದ ಅಟಲ್ ಇನ್ನೋವೇಷನ್ ಮಿಷನ್‌ನ ಯೋಜನೆ. 6ರಿಂದ 12ನೇ ತರಗತಿಯ ಮಕ್ಕಳಿಗಾಗಿ ಥ್ರೀಡಿ ಪ್ರಿಂಟರ್, ಆರ್ಡುಯಿನೋ ಬೋರ್ಡ್, ಸೆನ್ಸರ್, ಮೋಟಾರ್ ಇರುವ ಕೋಣೆ. ಹಳೇ ಕ್ರಾಫ್ಟ್ ಪೀರಿಯಡ್‌ನ ಹೊಸ ಅವತಾರ ಅನ್ನಿ.

ಶಾಲೆಗೆ ಕೈಕೆಲಸ ತರುವ ಯೋಚನೆ ಹೊಸದೇನಲ್ಲ. 1937ರಲ್ಲಿ ಗಾಂಧಿ ವಾರ್ಧಾದಲ್ಲಿ ಕಸುಬಿನ ಮೂಲಕವೇ ಪಾಠ ಅಂದರು. ಕೊಠಾರಿ ಆಯೋಗ ಕಾರ್ಯಾನುಭವ ಅಂದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಎಸ್‌ಯುಪಿಡಬ್ಲ್ಯು ಅಂದಿತು. 2020ರ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನ ಚೀಲವಿಲ್ಲದೆ ಬಡಗಿ, ಕುಂಬಾರರ ಬಳಿ ಕಲಿಯಿರಿ ಅಂತು. ಹೆಸರು ಬದಲಾಗ್ತಾನೇ ಇದೆ, ಅಂಕಪಟ್ಟಿಯಲ್ಲಿ ತೂಕ ಮಾತ್ರ ಬರಲಿಲ್ಲ. ಕೈಕೆಲಸವನ್ನು ಜಾತಿಗೆ ಕಟ್ಟಿಹಾಕಿದ ಸಮಾಜದಲ್ಲಿ ಇದು ಆಕಸ್ಮಿಕ ಅಂತ ನನಗನ್ನಿಸಲ್ಲ. ಅದೇ ಕೆಲಸಕ್ಕೆ ಈಗ 'ಮೇಕರ್' ಅನ್ನೋ ಹೆಸರು ಬಂದ ತಕ್ಷಣ ಮರ್ಯಾದೆಯೂ ಬಂದಿದೆ, ನೋಡಿ!

ಇನ್ನು ಯಂತ್ರದ ವಿಷಯ. ಥ್ರೀಡಿ ಪ್ರಿಂಟರ್ ಪ್ಲಾಸ್ಟಿಕ್ ತಂತಿಯನ್ನು ಸುಮಾರು 200 ಡಿಗ್ರಿಗೆ ಕಾಯಿಸಿ, 0.4 ಮಿಲಿಮೀಟರ್ ತೂತಿನಿಂದ ಪದರದ ಮೇಲೆ ಪದರ ಹಾಕುತ್ತೆ. ಪದರದ ದಪ್ಪ 0.2 ಮಿ.ಮೀ. ಇದ್ದರೆ, 2 ಸೆಂಟಿಮೀಟರ್ ಎತ್ತರಕ್ಕೆ 100 ಪದರ ಬೇಕು. ಒಂದು ಸಣ್ಣ ಕೀಚೈನ್‌ಗೆ ಒಂದು ಗಂಟೆ ಅಂದುಕೊಳ್ಳಿ. ತರಗತಿಯಲ್ಲಿ 40 ಮಕ್ಕಳಿದ್ದರೆ 40 ಗಂಟೆ. ಉಳಿದ ಮಕ್ಕಳು ಏನು ಮಾಡಬೇಕು? ನಿಂತು ನೋಡಬೇಕು. ಮಳೆಗಾಲದಲ್ಲಿ ತಂತಿ ತೇವ ಹೀರಿಕೊಂಡು ಪಟಪಟ ಮುರಿಯುತ್ತೆ, ತೂತು ಕಟ್ಟಿಕೊಳ್ಳುತ್ತೆ. ಅದನ್ನು ಬಿಚ್ಚಿ ಸರಿಮಾಡೋರು ಯಾರು?

ಇಲ್ಲಿಗೆ ದುಡ್ಡಿನ ಲೆಕ್ಕ ಬರುತ್ತೆ. ಮೂಲ ಯೋಜನೆಯಲ್ಲಿ ಒಂದು ಶಾಲೆಗೆ 20 ಲಕ್ಷ ರೂಪಾಯಿ. ಅದರಲ್ಲಿ 10 ಲಕ್ಷ ಉಪಕರಣಕ್ಕೆ, ಉಳಿದ 10 ಲಕ್ಷ ಐದು ವರ್ಷದ ನಿರ್ವಹಣೆಗೆ. ಅಂದ್ರೆ ತಿಂಗಳಿಗೆ ಸುಮಾರು 16,700 ರೂಪಾಯಿ. ಇದರಲ್ಲಿ ಸಾಮಗ್ರಿ, ರಿಪೇರಿ ಎಲ್ಲಾ ಆಗಬೇಕು. ಪೂರ್ಣಾವಧಿ ಟೆಕ್ನಿಷಿಯನ್‌ಗೆ ಸಂಬಳ ಎಲ್ಲಿ ಉಳಿಯುತ್ತೆ? ಹಾಗಾಗಿ ಲ್ಯಾಬ್ ಉಸ್ತುವಾರಿ ಶಾಲೆಯಲ್ಲಿರುವ ಶಿಕ್ಷಕರೊಬ್ಬರ ತಲೆಗೇ ಬರುತ್ತೆ. ಹೊರಗಿನ ಮೆಂಟರ್‌ಗಳು ಸ್ವಯಂಸೇವಕರು.

ಹಾಗಂತ ಯಂತ್ರ ಬೇಡ ಅನ್ನೋ ಪೈಕಿ ನಾನಲ್ಲ. ಆರ್ಡುಯಿನೋ ವಿನ್ಯಾಸ ಮುಕ್ತವಾಗಿರೋದರಿಂದ ಅದರ ನಕಲು ಬೋರ್ಡ್ ಕೆಲವೇ ನೂರು ರೂಪಾಯಿಗೆ ಸಿಗುತ್ತೆ. ನಾಲ್ಕು ಮಕ್ಕಳಿಗೆ ಒಂದರಂತೆ ಕೊಡಬಹುದು. ಆದರೆ ಅದರ ಪಕ್ಕದಲ್ಲೇ ಗರಗಸ, ಅರ, ರಟ್ಟು, ಸ್ಕ್ರೂಡ್ರೈವರ್ ಕೂಡ ಇರಬೇಕು. ಎಂಜಿನಿಯರಿಂಗ್ ಮೊದಲ ವರ್ಷ ವರ್ಕ್‌ಶಾಪ್‌ನಲ್ಲಿ ಕಬ್ಬಿಣದ ತುಂಡಿಗೆ ಅರ ಹಾಕುವಾಗ ನನಗೆ ಗೊತ್ತಾದದ್ದು, ಉಜ್ಜಿಹೋದ ಲೋಹ ವಾಪಸ್ ಅಂಟಲ್ಲ. ಸ್ಕ್ರೀನ್‌ ಮೇಲೆ ಅಂಡೂ ಒತ್ತುವ ಮಗುವಿಗೆ ಈ ಭಯವೂ ಇಲ್ಲ, ಒಮ್ಮೆ ಅಳೆದು ಇನ್ನೊಮ್ಮೆ ಅಳೆಯುವ ಅಭ್ಯಾಸವೂ ಇಲ್ಲ.

ನನ್ನ ಕೇಳಿದರೆ, ಹತ್ತಿರದ ಐದು ಶಾಲೆಗಳು ಸೇರಿ ಐಟಿಐ ಪಾಸಾದ ಒಬ್ಬರನ್ನು ಇಟ್ಟುಕೊಳ್ಳಲಿ, ಶಾಲೆಗೆ ವಾರದಲ್ಲೊಂದು ದಿನ. ಊರಿನ ಮೋಟಾರ್ ರಿವೈಂಡಿಂಗ್ ಅಂಗಡಿಯವರನ್ನೂ ಗೌರವಧನ ಕೊಟ್ಟು ಕರೆಸಲಿ.

ನಿಮ್ಮೂರ ಶಾಲೆಗೆ ಲ್ಯಾಬ್ ಮಂಜೂರಾದರೆ ಎಸ್‌ಡಿಎಂಸಿಯವರನ್ನು ಮೂರು ಪ್ರಶ್ನೆ ಕೇಳಿ. ಬೀಗದ ಕೈ ಯಾರ ಹತ್ತಿರ ಇರುತ್ತೆ? ವಾರಕ್ಕೆ ಎಷ್ಟು ಪೀರಿಯಡ್? ಆರನೇ ವರ್ಷ ಕರೆಂಟ್ ಬಿಲ್ ಯಾರು ಕಟ್ತಾರೆ?