ಕೊಡುವವನು ಶಿವ, ನೀಡುವ ಕೈ ಯಾರದು?

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವುದಿಲ್ಲ ಎಂಬ ಗಾದೆ ನಮ್ಮ ನಾಡಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಕಣಜದಲ್ಲಿ ಕಾಳು, ಕೈಯಲ್ಲಿ ಕಾಸು ಇರುವಾಗ ಈ ಮಾತು ಹೇಳುವುದು ಬಲು ಸುಲಭ. ಮನೆಯ ಯಜಮಾನನ ಕೆಲಸ ಹೋಗಿ, ಮನೆ ಬಾಡಿಗೆ ಮೂರು ತಿಂಗಳು ಬಾಕಿ ಬಿದ್ದು, ದಿನಸಿ ಅಂಗಡಿಯವನು ಸಾಲದ ಪುಸ್ತಕ ಮುಚ್ಚಿಟ್ಟ ದಿನ ಅದೇ ಮಾತನ್ನು ನಂಬಿ ನೆಮ್ಮದಿಯಿಂದ ನಿದ್ರಿಸುವುದು ಸುಲಭವಲ್ಲ. ಭಕ್ತಿಯ ಪರೀಕ್ಷೆ ಆಗುವುದು ಅಂಥ ರಾತ್ರಿಗಳಲ್ಲಿಯೇ ಹೊರತು ಜಾತ್ರೆ ಉತ್ಸವಗಳ ಗದ್ದಲದಲ್ಲಲ್ಲ.

ಜನರು ಈ ಗಾದೆಯನ್ನು ಎರಡು ಬಗೆಯಲ್ಲಿ ಕೆಡಿಸಿಕೊಂಡಿರುವುದನ್ನು ನಾವು ನೋಡುತ್ತಿದ್ದೇವೆ. ಇಲ್ಲದವನು ಅದನ್ನು ಕೈಕಟ್ಟಿ ಕೂರಲು ನೆಪ ಮಾಡಿಕೊಳ್ಳುತ್ತಾನೆ. ಇದ್ದವನು ನೆರೆಮನೆಯ ಕಷ್ಟವನ್ನು ಕಂಡೂ ಕಾಣದಂತೆ ಹೋಗಲು ಅದೇ ಗಾದೆಯನ್ನು ಬಳಸುತ್ತಾನೆ. ಎರಡನೆಯದು ಹೆಚ್ಚು ಕೆಟ್ಟದ್ದು ಎಂಬುದು ನಮ್ಮ ಅಭಿಪ್ರಾಯ. ಕಷ್ಟದಲ್ಲಿರುವವರ ಮನೆಗೆ ಹೋಗಿ, ಕಾಫಿ ಕುಡಿದು, “ದೇವರಿದ್ದಾನೆ ಬಿಡಿ” ಎಂದು ಹೇಳಿ ಎದ್ದು ಬರುವುದು ಇಂದು ಒಂದು ಸಂಪ್ರದಾಯವೇ ಆಗಿಬಿಟ್ಟಿದೆ. ದೇವರಿದ್ದಾನೆ, ನಿಜ. ಆದರೆ ಆತ ಬೆಳಿಗ್ಗೆ ಎದ್ದು ಸೇರು ಅಕ್ಕಿ ಹಿಡಿದು ಬಂದು ಬಾಗಿಲು ತಟ್ಟುವುದಿಲ್ಲವಲ್ಲ!

ಕೆಂಗೇರಿಯ ಭಕ್ತರು ದಿನವೂ ಕೇಳುವ ಮೈಸೂರು ರೈಲಿನ ಸದ್ದಿನ ಹಿಂದೆ ಒಂದು ಬರದ ಕಥೆಯಿದೆ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 1878ರವರೆಗೆ, ಮಳೆ ಕೈಕೊಟ್ಟು ಮೈಸೂರು ಸಂಸ್ಥಾನದಲ್ಲಿ ಭೀಕರ ಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ, ಎಂದರೆ ಐವರಲ್ಲಿ ಒಬ್ಬರಂತೆ, ಹಸಿವಿನಿಂದಲೂ ಅದರ ಬೆನ್ನಲ್ಲೇ ಬಂದ ರೋಗಗಳಿಂದಲೂ ಸತ್ತರು. ಊರೂರಿನಿಂದ ಜನ ಗಂಜಿ ಕೇಂದ್ರಗಳನ್ನು ಹುಡುಕಿಕೊಂಡು ನಡೆದರು. ಆ ಹಸಿದ ಜನರಿಗೆ ಕೂಲಿ ಒದಗಿಸುವ ಬರಪರಿಹಾರದ ಕೆಲಸವಾಗಿ ಬೆಂಗಳೂರು ಮೈಸೂರು ರೈಲುಹಾದಿಯ ಕಾಮಗಾರಿ ಆರಂಭವಾಯಿತು. 1882ರಲ್ಲಿ ರೈಲು ಮೈಸೂರನ್ನು ಮುಟ್ಟಿತು. ಇಂದು ನಾವು ಆ ದಾರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಸುಖವಾಗಿ ಪ್ರಯಾಣ ಮಾಡುತ್ತೇವೆ. ಆ ಮಣ್ಣನ್ನು ಮೊದಲು ಹೊತ್ತವರು ಹೊಟ್ಟೆಗಿಲ್ಲದವರು.

ಇಲ್ಲಿ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಧರ್ಮಬೋಧಕರು ಅದನ್ನು ತಪ್ಪಿಸಿಕೊಂಡು ಹೋಗಬಾರದು. ಸತ್ತ ಆ ಹತ್ತು ಲಕ್ಷ ಜನರಲ್ಲಿ ಶಿವಭಕ್ತರು ಇರಲಿಲ್ಲವೇ? ಹಣೆಯಲ್ಲಿ ವಿಭೂತಿ, ಎದೆಯ ಮೇಲೆ ಇಷ್ಟಲಿಂಗ ಇದ್ದವರು ಅವರಲ್ಲಿ ಎಷ್ಟು ಜನರೋ! ಅವರ ನಂಬಿಕೆ ಕಡಿಮೆಯಾಯಿತು, ಅದಕ್ಕೇ ಸತ್ತರು ಎಂದು ಹೇಳುವವನ ನಾಲಿಗೆಗೆ ಧರ್ಮದ ಸೋಂಕಿಲ್ಲ. ದೇಶದ ಬೇರೆ ಭಾಗಗಳಲ್ಲಿ ಆಗ ಧಾನ್ಯವಿತ್ತು. ಆ ವರ್ಷಗಳಲ್ಲಿಯೂ ಭಾರತದಿಂದ ಹಡಗುಗಳಲ್ಲಿ ಗೋಧಿ ಇಂಗ್ಲೆಂಡಿಗೆ ಸಾಗುತ್ತಿತ್ತು. ಭೂಮಿ ಒಂದು ಕಡೆ ಕೊಡದಿದ್ದರೂ ಇನ್ನೊಂದು ಕಡೆ ಕೊಟ್ಟಿತ್ತು, ನಡುವೆ ಮನುಷ್ಯನ ಕೈ ಮುಚ್ಚಿಕೊಂಡಿತ್ತು. ಆದ್ದರಿಂದ ಶಿವನಲ್ಲಿ ಭರವಸೆ ಇಡುವುದೆಂದರೆ ಕಷ್ಟವೇ ಬರುವುದಿಲ್ಲವೆಂಬ ಕರಾರುಪತ್ರ ಬರೆಸಿಕೊಳ್ಳುವುದಲ್ಲ. ಶರಣರು ಅಂಥ ಕರಾರನ್ನು ಕೇಳಲೂ ಇಲ್ಲ.

ಅವರು ಕೇಳಿದ್ದು ಏನು ಎಂಬುದನ್ನು ತಿಳಿಯಬೇಕಾದರೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಚರಿತ್ರೆಯನ್ನು ನೋಡಬೇಕು. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಬಡ ದಂಪತಿಗಳು ಇವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಆ ಅಕ್ಕಿಯಿಂದಲೇ ಜಂಗಮ ದಾಸೋಹ, ಆಮೇಲೆ ಉಳಿದ ಪ್ರಸಾದದಲ್ಲಿ ಗಂಡ ಹೆಂಡಿರ ಊಟ. ಇವರ ಬಡತನವನ್ನು ಕಂಡ ಬಸವಣ್ಣನವರು ಒಂದು ದಿನ ಅಂಗಳದಲ್ಲಿ ಬೇಕೆಂದೇ ಹೆಚ್ಚು ಅಕ್ಕಿ ಚೆಲ್ಲಿಸಿದರಂತೆ. ಮಾರಯ್ಯ ಸಂತೋಷದಿಂದ ಎಲ್ಲವನ್ನೂ ಆಯ್ದು ತಂದ. ಲಕ್ಕಮ್ಮ ಗಂಟಿನ ಭಾರ ನೋಡಿದಳು. ದಿನದ ಅಕ್ಕಿಯನ್ನಷ್ಟೇ ಇಟ್ಟುಕೊಂಡು, ಉಳಿದದ್ದನ್ನು ಅದೇ ಅಂಗಳದಲ್ಲಿ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಶೂನ್ಯಸಂಪಾದನೆಯಲ್ಲಿ ಈ ದಂಪತಿಗಳಿಗೆಂದೇ ಒಂದು ಭಾಗ ಮೀಸಲಿದೆ.

ಈ ಕಥೆಯನ್ನು ಹೇಳಿ ಬಡವರಿಗೆ ‘ಇದ್ದುದರಲ್ಲಿ ತೃಪ್ತಿಪಡಿ’ ಎಂದು ಬೋಧಿಸುವವರನ್ನು ನಾವು ಬಹಳ ಕಂಡಿದ್ದೇವೆ. ಇದು ಹೊಟ್ಟೆ ತುಂಬಿದವರು ಮಾಡಿಕೊಂಡ ಅರ್ಥ. ಲಕ್ಕಮ್ಮನ ಮಾತು ಹಸಿದವನಿಗಲ್ಲ, ನಾಳೆಯ ಭಯದಿಂದ ಇಂದೇ ಗಂಟು ಕಟ್ಟುವವನಿಗೆ. ನಾಳಿನ ಅಕ್ಕಿ ನಾಳಿನ ಅಂಗಳದಲ್ಲಿ ಇರುತ್ತದೆ ಎಂಬ ಧೈರ್ಯ ಆಕೆಗಿತ್ತು. ಆ ಧೈರ್ಯ ಬರಿಯ ಆಕಾಶ ನೋಡಿ ಬಂದದ್ದಲ್ಲ. ಕಲ್ಯಾಣದಲ್ಲಿ ಅಂಥ ಅಂಗಳ ಇತ್ತು, ಅಲ್ಲಿ ಯಾರು ಬೇಕಾದರೂ ಬಂದು ಆಯಬಹುದಿತ್ತು, ಆಯ್ದವನನ್ನು ಕೀಳಾಗಿ ಕಾಣುವವರು ಇರಲಿಲ್ಲ. ದಂಪತಿಗಳ ಭಕ್ತಿಯ ಜೊತೆಗೆ ಬಸವಣ್ಣನವರ ಅಂಗಳವೂ ಸೇರಿದಾಗ ಶಿವನ ಕೊಡುಗೆ ಅವರ ಮಡಕೆ ಮುಟ್ಟಿತು. ಅಂಗಳವೇ ಇಲ್ಲದ ಊರಿನಲ್ಲಿ ಬಡವನಿಗೆ ಮಾತ್ರ ಲಕ್ಕಮ್ಮನ ಕಥೆ ಹೇಳುವುದು ಯಾವ ನ್ಯಾಯ?

ರಾಜಾಜಿನಗರದ ಪಕ್ಕದಿಂದ ಪಶ್ಚಿಮಕ್ಕೆ ಹೊರಡುವ ಮಾಗಡಿ ರಸ್ತೆ ಅಂಥ ಒಂದು ಅಂಗಳವನ್ನು ಕಟ್ಟಿದ ಮಹಾತ್ಮರ ಹುಟ್ಟೂರಿನ ಕಡೆಗೆ ಹೋಗುತ್ತದೆ. ಲಿಂಗೈಕ್ಯ ಡಾ. ಶಿವಕುಮಾರ ಮಹಾಸ್ವಾಮಿಗಳು ಜನಿಸಿದ್ದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ, 1907ರ ಏಪ್ರಿಲ್ 1ರಂದು. ಎಳೆಯ ವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ, 1930ರಲ್ಲಿ, ಸಿದ್ಧಗಂಗಾ ಮಠದ ಉತ್ತರಾಧಿಕಾರ ಅವರ ಪಾಲಿಗೆ ಬಂದಿತು. ಇಂದು ಕಾಣುವ ಸಿದ್ಧಗಂಗೆಯನ್ನು ನೋಡಿ ಮಠಕ್ಕೆ ಮೊದಲಿನಿಂದಲೂ ಸಿರಿಯಿತ್ತೆಂದು ತಿಳಿಯಬಾರದು. ಮಕ್ಕಳು ಹೆಚ್ಚು, ಕಾಳು ಕಡಿಮೆ ಎಂಬ ಕಾಲವೇ ದೀರ್ಘವಾಗಿತ್ತು. ಸ್ವಾಮಿಗಳು ಹಳ್ಳಿ ಹಳ್ಳಿ ಸುತ್ತಿ ಭಿಕ್ಷೆ ಎತ್ತಿದರು. ರೈತರು ಕೊಟ್ಟ ರಾಗಿ, ಹುರುಳಿ, ತೆಂಗಿನಕಾಯಿ ಗಾಡಿಯೇರಿ ಮಠಕ್ಕೆ ಬಂದವು. ಧಾನ್ಯ ಸಾಲದು, ಮಕ್ಕಳನ್ನು ಕಡಿಮೆ ಮಾಡೋಣ ಎಂಬ ಲೆಕ್ಕ ಅವರಲ್ಲಿರಲಿಲ್ಲ. ಮಕ್ಕಳು ಬಂದರು, ಆದ್ದರಿಂದ ಇನ್ನಷ್ಟು ಊರು ಸುತ್ತೋಣ ಎಂಬುದು ಅವರ ಲೆಕ್ಕ. ಜಾತಿ ಮತ ಕೇಳದೆ ಸುಮಾರು ಹತ್ತು ಸಾವಿರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ನೀಡುವ ಮಟ್ಟಕ್ಕೆ ಆ ಲೆಕ್ಕ ಬೆಳೆಯಿತು.

ಶ್ರೀಗಳು 2019ರ ಜನವರಿ 21ರಂದು ಲಿಂಗೈಕ್ಯರಾದರು. ಆ ದಿನವನ್ನು ರಾಜ್ಯ ಸರ್ಕಾರ ದಾಸೋಹ ದಿನವೆಂದು ಕರೆಯಿತು. ಅದಕ್ಕೂ ಮೊದಲೇ, 2002ರಲ್ಲಿ ಶಾಲಾಮಕ್ಕಳ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟಾಗ ಶರಣರ ಮಾತೊಂದು ಸರ್ಕಾರದ ಕಡತವನ್ನು ಸೇರಿತು. ಕಡತ ಸೇರಿದ ಮಾತುಗಳಿಗೆ ಸಾಮಾನ್ಯವಾಗಿ ಜೀವ ಉಳಿಯುವುದಿಲ್ಲ. ಇದಕ್ಕೆ ಮಾತ್ರ ಉಳಿದಿದೆ, ಏಕೆಂದರೆ ಮಧ್ಯಾಹ್ನ ಒಲೆಯ ಮೇಲೆ ಅನ್ನ ಬೇಯುತ್ತದೆ.

ಬೆಂಗಳೂರಿನ ಪಶ್ಚಿಮ ಭಾಗದ ಜನರಿಗೆ ಕಾಯಕ ಕೈತಪ್ಪುವ ನೋವು ಹೊಸದಲ್ಲ. 1884ರಲ್ಲಿ ಆರಂಭವಾದ ಬಿನ್ನಿ ಗಿರಣಿ, ಮಿನರ್ವ ಮಿಲ್, ಮಲ್ಲೇಶ್ವರದ ರಾಜಾ ಮಿಲ್ ಇವುಗಳ ಸೈರನ್ ಕೇಳಿ ಎದ್ದು ಹೊರಟ ಮನೆಗಳು ಸಾವಿರಾರು. ಒಂದೊಂದಾಗಿ ಅವು ನಿಂತವು. ರಾಜಾ ಮಿಲ್ ಇದ್ದ ಜಾಗದಲ್ಲಿ ಈಗ ಮಾಲ್ ಇದೆ. ಆದರೆ 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಂದಾಗ ಆದದ್ದು ಬೇರೆಯೇ. ಒಂದು ಮಿಲ್ ನಿಂತರೆ ಇನ್ನೊಂದು ಕಡೆ ಕೈಚಾಚಬಹುದಿತ್ತು, ಅಂದು ಎಲ್ಲವೂ ಒಂದೇ ರಾತ್ರಿ ನಿಂತಿತು. ಕಾಮಾಕ್ಷಿಪಾಳ್ಯದ ಮಗ್ಗ ಮತ್ತು ಲೇತ್ ಯಂತ್ರಗಳು, ಮನೆಯಲ್ಲೇ ಕುಳಿತು ಊದಿನಕಡ್ಡಿ ಹೊಸೆಯುವ ಹೆಣ್ಣುಮಕ್ಕಳ ಮಣೆ, ವಿಜಯನಗರದ ಬೀದಿಬದಿಯ ಹೂವಿನ ಬುಟ್ಟಿ, ಹೋಟೆಲಿನ ಒಲೆ, ಯಾವುದೂ ಉಳಿಯಲಿಲ್ಲ. ಮಠ ಮಂದಿರಗಳ ಬಾಗಿಲೂ ಭಕ್ತರಿಗೆ ಮುಚ್ಚಿತು.

ಆ ದಿನಗಳಲ್ಲಿ ನಾವು ಕಂಡ ದೊಡ್ಡ ಸಂಕಟ ಹಸಿವಿಗಿಂತ ಹೆಚ್ಚಾಗಿ ನಾಚಿಕೆ. ತೀರ ಬಡವರು ಸಾಲಿನಲ್ಲಿ ನಿಂತು ಪೊಟ್ಟಣ ಪಡೆದರು. ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಮಾನದಿಂದ ಬದುಕಿದ್ದವರು ಬಾಗಿಲು ಹಾಕಿಕೊಂಡು ಒಳಗೇ ಉಳಿದರು. ಬಳೆ ಅಡವಿಟ್ಟರು, ಮೀಟರ್ ಬಡ್ಡಿಗೆ ಸಾಲ ತಂದರು, ಪಕ್ಕದ ಮನೆಯವರಿಗೆ ವಾಸನೆಯಾದರೂ ಹೋಗಲೆಂದು ಬರಿಯ ಬಾಣಲೆಗೆ ಒಗ್ಗರಣೆ ಹಾಕಿದವರೂ ಉಂಟು. ಇವರಿಗೆ ನಾವು ಹೇಳಬೇಕಾದ ಮಾತೊಂದಿದೆ. ವೀರಶೈವ ಧರ್ಮದಲ್ಲಿ ಪ್ರಸಾದವು ಅಷ್ಟಾವರಣಗಳಲ್ಲಿ ಒಂದು. ಕೈಗೆ ಬಂದ ತುತ್ತನ್ನು ಮೊದಲು ಇಷ್ಟಲಿಂಗಕ್ಕೆ ಅರ್ಪಿಸಿ ಆಮೇಲೆ ಸ್ವೀಕರಿಸುವುದು ನಮ್ಮ ಕ್ರಮ. ತಾನೇ ದುಡಿದ ಅನ್ನವೂ ಅರ್ಪಿತವಾದ ಮೇಲೆ ತನ್ನದಲ್ಲ. ನೆರೆಯವರು ಕೊಟ್ಟ ಅನ್ನವೂ ಅರ್ಪಿತವಾದ ಮೇಲೆ ನೆರೆಯವರದಲ್ಲ. ಎರಡೂ ಶಿವನದೇ ಆದ ಮೇಲೆ ಒಂದನ್ನು ಹೆಮ್ಮೆಯಿಂದಲೂ ಇನ್ನೊಂದನ್ನು ತಲೆತಗ್ಗಿಸಿಯೂ ಉಣ್ಣುವುದು ಏಕೆ?

2021ರ ಕಾರ್ತಿಕ ಮಾಸದಲ್ಲಿ ಬಸವೇಶ್ವರನಗರದ ಕಡೆಯ ಒಬ್ಬ ತಾಯಿ ನಮ್ಮ ಬಳಿ ಬಂದಿದ್ದರು. ಎರಡನೆಯ ಅಲೆಯಲ್ಲಿ ಪತಿ ತೀರಿಕೊಂಡಿದ್ದರು. ಎರಡು ಮಕ್ಕಳು, ಆಸ್ಪತ್ರೆಯ ಸಾಲ. “ಬುದ್ಧೀ, ಶಿವ ನಮ್ಮನ್ನು ಮರೆತುಬಿಟ್ಟನೇ?” ಎಂದು ಕೇಳಿದರು. ಪುರಾಣದ ಕಥೆ ಹೇಳಿ ಕಳುಹಿಸುವ ಹೊತ್ತು ಅದಲ್ಲ. “ತಾಯೀ, ಮನೆಯಲ್ಲಿ ಅಕ್ಕಿ ಇದೆಯೇ? ಮಕ್ಕಳ ಶಾಲೆಯ ಶುಲ್ಕ ಕಟ್ಟಿದ್ದೀರಾ?” ಎಂದು ನಾವು ಕೇಳಿದೆವು. ಆಗ ಹೊರಬಂತು ಸಂಗತಿ. ಮೃತರ ದೋಷ ಪರಿಹಾರಕ್ಕೆಂದು ಯಾರೋ ಹೇಳಿದ ಪೂಜೆಗೆ ಇಪ್ಪತ್ತು ಸಾವಿರ ರೂಪಾಯಿ ಕೊಡಲು ಅವರು ಇನ್ನೊಂದು ಸಾಲಕ್ಕೆ ಓಡಾಡುತ್ತಿದ್ದರು. ನೊಂದವರ ಮನೆಯ ಬಾಗಿಲಲ್ಲಿ ನಿಂತು ಪರಿಹಾರ ಮಾರುವ ಇಂಥವರ ಬಗ್ಗೆ ಬರೆಯಲು ಕುಳಿತರೆ ಈ ಅಂಕಣ ಸಾಲದು. ಇಷ್ಟಲಿಂಗ ಪೂಜೆಗೆ ಒಂದು ತಂಬಿಗೆ ನೀರು, ಚಿಟಿಕೆ ವಿಭೂತಿ, ಸಿಕ್ಕರೆ ಒಂದು ಬಿಲ್ವಪತ್ರೆ ಸಾಕು. ಸಾಲ ಮಾಡಿಸುವ ಪೂಜೆಯನ್ನು ಶಿವ ಕೇಳುವುದಿಲ್ಲ.

ಕೋವಿಡ್‌ನಿಂದ ಮೃತರಾದವರ ಕುಟುಂಬಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರ ಕೊಡುವ ವ್ಯವಸ್ಥೆ ಆಗ ಜಾರಿಯಾಗಿತ್ತು. ದುಡಿಯುವವರನ್ನು ಕಳೆದುಕೊಂಡ ಬಿಪಿಎಲ್ ಕುಟುಂಬಗಳಿಗೆ ರಾಜ್ಯ ಸರ್ಕಾರ ಒಂದು ಲಕ್ಷ ರೂಪಾಯಿ ಘೋಷಿಸಿತ್ತು. ಆ ತಾಯಿಗೆ ಇದಾವುದೂ ಗೊತ್ತಿರಲಿಲ್ಲ. “ದೇವರಿದ್ದಾನೆ” ಎಂದು ಹೇಳಿ ಹೋದ ಬಂಧುಗಳಲ್ಲಿ ಬ್ಯಾಂಕಿನವರಿದ್ದರು, ಕಚೇರಿಯ ಗುಮಾಸ್ತರಿದ್ದರು. ಒಬ್ಬರೂ ಒಂದು ಅರ್ಜಿ ಬರೆದುಕೊಟ್ಟಿರಲಿಲ್ಲ. ನಮ್ಮ ಮಠಕ್ಕೆ ಬರುವ ನಿವೃತ್ತ ಉಪಾಧ್ಯಾಯರೊಬ್ಬರು ಮರಣ ಪತ್ರ, ಆಸ್ಪತ್ರೆಯ ಕಾಗದ, ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಎಲ್ಲವನ್ನೂ ಜೋಡಿಸಿಕೊಂಡು ಅವರ ಜೊತೆ ಕಚೇರಿಗೆ ನಾಲ್ಕು ಬಾರಿ ಹೋಗಿ ಬಂದರು. ದಾಸೋಹವೆಂದರೆ ಎಲೆ ಹಾಕಿ ಅನ್ನ ಬಡಿಸುವುದು ಮಾತ್ರ ಎಂದು ತಿಳಿದವರು ಆ ಉಪಾಧ್ಯಾಯರ ಸವೆದ ಚಪ್ಪಲಿಯನ್ನು ನೋಡಬೇಕಿತ್ತು. ಕಳೆದುಹೋದ ಪತಿ ಮರಳಿ ಬರಲಿಲ್ಲ, ದುಃಖ ಅಲ್ಲಿಯೇ ಇದೆ. ಮಕ್ಕಳ ಓದು ಮಾತ್ರ ನಿಲ್ಲಲಿಲ್ಲ.

ಕೆಲಸ ಕಳೆದುಕೊಂಡವರು ಇನ್ನೊಂದು ಸಂಗತಿಯನ್ನು ಮನಗಾಣಬೇಕು. ಹುದ್ದೆ ಬೇರೆ, ಕಾಯಕ ಬೇರೆ. ಹುದ್ದೆಯನ್ನು ಯಾರೋ ಕೊಡುತ್ತಾರೆ, ಯಾರೋ ಕಿತ್ತುಕೊಳ್ಳುತ್ತಾರೆ. ಕೈಯಲ್ಲಿರುವ ಹದ, ಮನಸ್ಸಿನಲ್ಲಿರುವ ನಿಷ್ಠೆ ಇವನ್ನು ಕಿತ್ತುಕೊಳ್ಳಲು ಯಾರಿಂದಲೂ ಆಗದು. 2020ರ ಮೇ ತಿಂಗಳ ಒಂದು ಸಂಜೆ ವಿಜಯನಗರದ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದ್ದ ಒಬ್ಬರು, ಬಟ್ಟೆಯ ಚೀಲವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಮಠದ ಹಿಂಬಾಗಿಲಿಗೆ ಬಂದು ನಿಂತಿದ್ದರು. ದಿನಸಿ ಕೊಡಹೋದರೆ ಕೈಚಾಚಲಿಲ್ಲ. “ಬುದ್ಧಿ, ಸುಮ್ಮನೆ ಕೊಡಬೇಡಿ, ಏನಾದರೂ ಕೆಲಸ ಹೇಳಿ” ಎಂದರು. ಪೊಲೀಸರ ಅನುಮತಿ ಪಡೆದು ಮಠದಲ್ಲಿ ದಿನವೂ ಊಟದ ಪೊಟ್ಟಣ ಸಿದ್ಧವಾಗುತ್ತಿದ್ದ ಕಾಲ ಅದು. ಅವರು ಚಿತ್ರಾನ್ನದ ಕೊಪ್ಪರಿಗೆಯ ಮುಂದೆ ನಿಂತರು. ಸಂಜೆ ಮನೆಗೆ ಹೋಗುವಾಗ ಅವರ ಚೀಲದಲ್ಲಿ ಮನೆಯವರಿಗೆಲ್ಲ ಪ್ರಸಾದವಿರುತ್ತಿತ್ತು. ಅವರು ತೆಗೆದುಕೊಂಡರೋ, ಕೊಟ್ಟರೋ ಎಂದು ಬೇರ್ಪಡಿಸಿ ಹೇಳಲು ನಮ್ಮಿಂದ ಇಂದಿಗೂ ಸಾಧ್ಯವಾಗಿಲ್ಲ.

ಹೋಟೆಲು ಮತ್ತೆ ತೆರೆಯಲಿಲ್ಲ. ಅವರೀಗ ಕೆಂಗೇರಿ ಉಪನಗರದ ಹತ್ತಿರ ಸಣ್ಣದೊಂದು ತಿಂಡಿ ಗಾಡಿ ಇಟ್ಟುಕೊಂಡಿದ್ದಾರೆ. ವ್ಯಾಪಾರ ಒಂದು ದಿನ ಇದೆ, ಒಂದು ದಿನ ಇಲ್ಲ. ಅಮಾವಾಸ್ಯೆಯ ದಿನ ಗಾಡಿ ನಿಲ್ಲಿಸಿ ಮಠಕ್ಕೆ ಬರುತ್ತಾರೆ, ಯಾರ ಅಪ್ಪಣೆಗೂ ಕಾಯದೆ ಸಾರಿನ ಪಾತ್ರೆಯ ಮುಂದೆ ನಿಲ್ಲುತ್ತಾರೆ. ಖಾರ ಸ್ವಲ್ಪ ಹೆಚ್ಚಾಗುತ್ತದೆ ಎಂಬುದು ನಮ್ಮ ಮಠದ ಮಕ್ಕಳ ದೂರು.